ಊಹೆಯ ಉತ್ತರಕ್ಕೆ ಎಷ್ಟು ಅಂಕ?

ಕರ್ನಾಟಕದಲ್ಲಿ 1994ರಿಂದ ನಡೆದುಬಂದಿರುವ ಸಾಮಾನ್ಯ ಪ್ರವೇಶ ಪರೀಕ್ಷೆಯಲ್ಲಿ, ಅಂದರೆ ಸಿಇಟಿಯಲ್ಲಿ, ಪ್ರತಿ ವಿಷಯಕ್ಕೆ 60 ಪ್ರಶ್ನೆಗಳು, ಪ್ರತಿ ಪ್ರಶ್ನೆಗೆ ನಾಲ್ಕು ಆಯ್ಕೆಗಳು, ಪ್ರತಿ ಸರಿ ಉತ್ತರಕ್ಕೆ ಒಂದು ಅಂಕ ಇರುತ್ತವೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ವೈದ್ಯಕೀಯ ಪ್ರವೇಶಕ್ಕಾಗಿ ನಡೆಯುವ ನೀಟ್‌ನಲ್ಲಿ 180 ಪ್ರಶ್ನೆಗಳಿಗೆ 720 ಅಂಕಗಳಿದ್ದು, ಸರಿ ಉತ್ತರಕ್ಕೆ ನಾಲ್ಕು ಅಂಕ ಸೇರಿದರೆ ತಪ್ಪು ಉತ್ತರಕ್ಕೆ ಒಂದು ಅಂಕ ಕಳೆಯುತ್ತದೆ. ಉಡುಪಿ, ಕಾಪು, ಕಾರ್ಕಳದ ಪಿಯು ಕಾಲೇಜುಗಳಲ್ಲಿ ವಿಜ್ಞಾನ ಓದುವವರ ಮುಂದಿನ ದಾರಿಯನ್ನು ಬಹುಮಟ್ಟಿಗೆ ಈ ಪರೀಕ್ಷೆಗಳೇ ನಿರ್ಧರಿಸುತ್ತವೆ. ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಎಂಬಿಬಿಎಸ್ ಸೀಟು ಕೂಡ ಇಂದು ನೀಟ್ ಮೂಲಕವೇ ಸಿಗುತ್ತದೆ. 2025ರ ದ್ವಿತೀಯ ಪಿಯು ಫಲಿತಾಂಶದಲ್ಲಿ ಉಡುಪಿ ರಾಜ್ಯಕ್ಕೇ ಮೊದಲ ಸ್ಥಾನ ಪಡೆದ ಜಿಲ್ಲೆ. ಆದರೆ ಎಷ್ಟು ಚೆನ್ನಾಗಿ ಓದಿದವರಿಗೂ ಒಎಂಆರ್ ಹಾಳೆಯ ಮೇಲೆ ಉತ್ತರ ತಿಳಿಯದ ಕೆಲವು ಪ್ರಶ್ನೆಗಳು ಉಳಿದೇ ಉಳಿಯುತ್ತವೆ, ಮತ್ತು ಅಲ್ಲಿ ಕಣ್ಣುಮುಚ್ಚಿ ಒಂದು ವೃತ್ತವನ್ನು ಕಪ್ಪು ಮಾಡಬೇಕೋ ಖಾಲಿ ಬಿಡಬೇಕೋ ಎಂಬುದನ್ನು ಹೆಚ್ಚಿನವರು ಯಾರೋ ಹೇಳಿದ ಮಾತನ್ನು ನಂಬಿ ತೀರ್ಮಾನಿಸುತ್ತಾರೆ.

ಈ ತೀರ್ಮಾನಕ್ಕೆ ಬೇಕಾದ ಲೆಕ್ಕಕ್ಕೆ ಸಂಖ್ಯಾಶಾಸ್ತ್ರದಲ್ಲಿ ನಿರೀಕ್ಷಿತ ಮೌಲ್ಯ ಎಂಬ ಹೆಸರಿದೆ. ಒಂದು ಕೆಲಸದಿಂದ ಬರಬಹುದಾದ ಪ್ರತಿಯೊಂದು ಫಲವನ್ನೂ ಅದು ಬರುವ ಸಂಭವನೀಯತೆಯಿಂದ ಗುಣಿಸಿ, ಹಾಗೆ ಬಂದ ಗುಣಲಬ್ಧಗಳನ್ನೆಲ್ಲ ಕೂಡಿದರೆ ದೊರೆಯುವ ಮೊತ್ತವೇ ಈ ಮೌಲ್ಯ. ಅದೇ ಕೆಲಸವನ್ನು ಸಾವಿರಾರು ಸಲ ಮಾಡಿದಾಗ ಒಂದು ಸಲಕ್ಕೆ ಸರಾಸರಿ ಎಷ್ಟು ಬರುತ್ತದೆಂಬುದನ್ನು ಅದು ಸೂಚಿಸುತ್ತದೆ. ಸಿಇಟಿಯಲ್ಲಿ ಏನೂ ತಿಳಿಯದೆ ಊಹಿಸಿದ ಉತ್ತರದ ನಿರೀಕ್ಷಿತ ಮೌಲ್ಯ ಕಾಲು ಅಂಕ, 60 ಪ್ರಶ್ನೆಗಳಿಗೆ 15 ಅಂಕ. ಈ ಲೆಕ್ಕವನ್ನು ಬಾಯಲ್ಲೇ ಮಾಡಬಹುದಾದರೂ, ಒಬ್ಬ ವಿದ್ಯಾರ್ಥಿಗೆ ಒಂದೇ ಸಲ ಬರೆಯುವ ಪರೀಕ್ಷೆಯಲ್ಲಿ ಈ 15 ಎಂಬುದು 10 ಆಗಬಹುದೇ, 20 ಆಗಬಹುದೇ ಎಂಬ ಪ್ರಶ್ನೆಗೆ ಸರಾಸರಿಯೊಂದೇ ಉತ್ತರ ಕೊಡುವುದಿಲ್ಲ. ಯಾದೃಚ್ಛಿಕ ಅಂಕಿಗಳ ಅನುಕರಣ ಪ್ರಯೋಗ ನೆರವಿಗೆ ಬರುವುದು ಇಲ್ಲಿಯೇ.

ಯಾದೃಚ್ಛಿಕ ಅಂಕಿಗಳೆಂದರೆ 0ಯಿಂದ 9ರವರೆಗಿನ ಹತ್ತೂ ಅಂಕಿಗಳು ಸಮಾನ ಅವಕಾಶದಿಂದ, ಹಿಂದಿನ ಅಂಕಿಯ ಯಾವ ಪ್ರಭಾವವೂ ಇಲ್ಲದೆ ಒಂದರ ಹಿಂದೊಂದು ಬರುವ ಸಾಲು. ಅವುಗಳನ್ನು ಎರಡೆರಡಾಗಿ ಓದಿದರೆ 00ಯಿಂದ 99ರವರೆಗೆ ನೂರು ಜೋಡಿಗಳಾಗುತ್ತವೆ. 00ಯಿಂದ 24ರವರೆಗಿನ 25 ಜೋಡಿಗಳನ್ನು ಸರಿ ಉತ್ತರವೆಂದೂ ಉಳಿದ 75ನ್ನು ತಪ್ಪು ಉತ್ತರವೆಂದೂ ಎಣಿಸಿದರೆ, ಪ್ರತಿಯೊಂದು ಜೋಡಿಯೂ ನಾಲ್ಕು ಆಯ್ಕೆಗಳ ನಡುವಿನ ಒಂದು ಕುರುಡು ಊಹೆಗೆ ಸಮನಾಗುತ್ತದೆ. ಯಾರು ಬೇಕಾದರೂ ಪರೀಕ್ಷಿಸಿ ನೋಡಬಹುದಾದ ಒಂದು ಸಾಲು ಪೈ ಸಂಖ್ಯೆಯ ದಶಮಾಂಶ ಅಂಕಿಗಳಲ್ಲಿದೆ. ಅವು ನಿಶ್ಚಿತ ಸೂತ್ರದಿಂದ ಹುಟ್ಟಿದವಾದ್ದರಿಂದ ಕಟ್ಟುನಿಟ್ಟಿನ ಅರ್ಥದಲ್ಲಿ ಯಾದೃಚ್ಛಿಕವಲ್ಲವಾದರೂ ಇಂಥ ಪ್ರಯೋಗಕ್ಕೆ ಸಾಲುತ್ತವೆ. ದಶಮಾಂಶ ಬಿಂದುವಿನ ನಂತರದ ಮೊದಲ 50 ಅಂಕಿಗಳು 14, 15, 92, 65, 35, 89, 79, 32, 38, 46, 26, 43, 38, 32, 79, 50, 28, 84, 19, 71, 69, 39, 93, 75, 10 ಎಂಬ 25 ಜೋಡಿಗಳಾಗುತ್ತವೆ. ಇವುಗಳಲ್ಲಿ 14, 15, 19, 10 ಎಂಬ ನಾಲ್ಕು ಮಾತ್ರ ಸರಿ ಉತ್ತರಗಳು. ಅದರ ಮುಂದಿನ 25 ಜೋಡಿಗಳಲ್ಲಿ ಒಂಬತ್ತು ಸರಿ ಉತ್ತರಗಳು, ಅನಂತರದ ಹತ್ತರಲ್ಲಿ ಒಂದೇ ಒಂದು. ಹೀಗೆ 60 ಪ್ರಶ್ನೆಗಳ ಇಡೀ ಪತ್ರಿಕೆಗೆ ಬಂದದ್ದು 14 ಅಂಕ, ನಿರೀಕ್ಷಿತ 15ಕ್ಕೆ ತೀರ ಹತ್ತಿರ; ಆದರೆ 25 ಪ್ರಶ್ನೆಗಳ ಒಂದು ತುಂಡಿನಲ್ಲಿ ನಾಲ್ಕು, ಅಷ್ಟೇ ಉದ್ದದ ಇನ್ನೊಂದರಲ್ಲಿ ಒಂಬತ್ತು ಬಂದಿರುವುದನ್ನು ಗಮನಿಸಬೇಕು. ಈ ಏರಿಳಿತದಲ್ಲಿ ಯಾವ ಅಸಹಜತೆಯೂ ಇಲ್ಲ, ಅದು ಆಕಸ್ಮಿಕದ ಸ್ವಭಾವವೇ ಆಗಿದೆ. ಇಂಥ ಪ್ರಯೋಗವನ್ನು ಮತ್ತೆ ಮತ್ತೆ ಮಾಡಿದರೆ 60 ಪ್ರಶ್ನೆಗಳನ್ನೂ ಊಹಿಸಿದ ಹತ್ತು ಮಂದಿಯಲ್ಲಿ ಸುಮಾರು ಏಳು ಮಂದಿ 12ರಿಂದ 18ರ ನಡುವೆ ಅಂಕ ಪಡೆಯುವುದೂ, 30 ಅಥವಾ ಅದಕ್ಕಿಂತ ಹೆಚ್ಚು ಪಡೆಯುವವರು ಲಕ್ಷಕ್ಕೆ ಮೂರಕ್ಕಿಂತ ಕಡಿಮೆ ಇರುವುದೂ ಕಂಡುಬರುತ್ತದೆ. ಅದೃಷ್ಟವನ್ನೇ ನಂಬಿ ಪರೀಕ್ಷೆಗೆ ಕುಳಿತವರಿಗೆ ಎಷ್ಟು ಸಿಗಬಹುದೆಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತಿಳಿಸುವ ಉಪದೇಶವಿಲ್ಲ.

ಅದೇ 60 ಜೋಡಿಗಳನ್ನು ನೀಟ್‌ನ ನಿಯಮದಿಂದ ಎಣಿಸಿದರೆ 14 ಸರಿ ಉತ್ತರಗಳಿಂದ 56 ಅಂಕ ಸೇರಿ, 46 ತಪ್ಪುಗಳಿಂದ 46 ಅಂಕ ಕಳೆದು, ಉಳಿಯುವುದು 10. ಇಲ್ಲಿಯೂ ಒಂದು ಕುರುಡು ಊಹೆಯ ನಿರೀಕ್ಷಿತ ಮೌಲ್ಯ ಕಾಲು ಅಂಕವೇ ಆಗಿದೆ, ಆದ್ದರಿಂದ ನೆಗೆಟಿವ್ ಮಾರ್ಕಿಂಗ್ ಇದ್ದಲ್ಲಿ ಊಹೆ ಯಾವಾಗಲೂ ನಷ್ಟವೆಂಬ ತಿಳಿವಳಿಕೆ ತಪ್ಪು. ಆದರೆ ಲಾಭ ಅಲ್ಪ, ಏರಿಳಿತ ದೊಡ್ಡದು: ಹತ್ತೇ ಪ್ರಶ್ನೆಗಳನ್ನು ಹೀಗೆ ಊಹಿಸಿದವರಲ್ಲಿ ಸುಮಾರು ಕಾಲುಭಾಗದವರು ಕೈಯಲ್ಲಿದ್ದ ಅಂಕವನ್ನೂ ಕಳೆದುಕೊಳ್ಳುತ್ತಾರೆ. ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಪೂರ್ವಭಾವಿ ಪರೀಕ್ಷೆಯಲ್ಲಿ ತಪ್ಪಿಗೆ ಮೂರನೇ ಒಂದು ಭಾಗ ಕಳೆಯುವುದರಿಂದ ಕುರುಡು ಊಹೆಯ ನಿರೀಕ್ಷಿತ ಮೌಲ್ಯ ಸರಿಯಾಗಿ ಸೊನ್ನೆಗೆ ಬಂದು ನಿಲ್ಲುತ್ತದೆ. ದಂಡದ ಪ್ರಮಾಣವನ್ನು ಹೀಗೆ ತೂಗಿ ಇಟ್ಟಿರುವುದು ನ್ಯಾಯವಾದ ಕ್ರಮ.

ನಿಜವಾದ ಲಾಭವಿರುವುದು ಅರ್ಧ ತಿಳಿವಳಿಕೆಯಲ್ಲಿ. ನಾಲ್ಕರಲ್ಲಿ ಒಂದು ಆಯ್ಕೆ ಖಂಡಿತ ತಪ್ಪೆಂದು ಗೊತ್ತಾದರೆ ನೀಟ್‌ನಲ್ಲಿ ಊಹೆಯ ಮೌಲ್ಯ ಕಾಲು ಅಂಕದಿಂದ ಮೂರನೇ ಎರಡಕ್ಕೆ ಏರುತ್ತದೆ, ಎರಡು ಆಯ್ಕೆಗಳನ್ನು ಬದಿಗೆ ಸರಿಸಲು ಸಾಧ್ಯವಾದರೆ ಒಂದೂವರೆ ಅಂಕವಾಗುತ್ತದೆ. ಇದಕ್ಕೆ ವಿರುದ್ಧವಾದ ಅಪಾಯವನ್ನೂ ಮರೆಯುವಂತಿಲ್ಲ. ಪ್ರಶ್ನೆ ರೂಪಿಸುವವರು ತಪ್ಪು ಆಯ್ಕೆಗಳನ್ನು ವಿದ್ಯಾರ್ಥಿಗಳು ಸಾಮಾನ್ಯವಾಗಿ ಮಾಡುವ ತಪ್ಪುಗಳಿಂದಲೇ ಆರಿಸುತ್ತಾರಾದ್ದರಿಂದ, ತಪ್ಪು ಕಲಿತವರ ಊಹೆ ನಾಲ್ಕಕ್ಕೊಂದು ಸಲವೂ ಸರಿಯಾಗದೇ ಹೋಗಬಹುದು, ಮತ್ತು ಆಗ ಏನೂ ಕಲಿಯದವರಿಗಿಂತ ಅವರಿಗೇ ಹೆಚ್ಚು ನಷ್ಟ.

ಲೆಕ್ಕ ಇಷ್ಟು ಸುಲಭವಾದರೆ ಅಂಕಿಗಳನ್ನು ಎಣಿಸುತ್ತ ಕೂರುವ ಅಗತ್ಯವೇನೆಂಬ ಪ್ರಶ್ನೆ ಏಳಬಹುದು. ಸಿಇಟಿಯ ಒಂದು ಪತ್ರಿಕೆಯಲ್ಲಿ 30 ಪ್ರಶ್ನೆಗಳು ಖಚಿತವಾಗಿ ಗೊತ್ತಿದ್ದು, 12ರಲ್ಲಿ ಎರಡೆರಡು ಆಯ್ಕೆಗಳೂ 10ರಲ್ಲಿ ಒಂದೊಂದು ಆಯ್ಕೆಯೂ ತಪ್ಪೆಂದು ತಿಳಿದು, ಉಳಿದ 8 ಸಂಪೂರ್ಣ ಕತ್ತಲೆಯಾಗಿದ್ದರೆ, ನಿರೀಕ್ಷಿತ ಮೊತ್ತ ಸುಮಾರು 41 ಎಂದು ಕಾಗದದ ಮೇಲೆ ಹೇಳಬಹುದು. ಆದರೆ 38ಕ್ಕಿಂತ ಕೆಳಗಿಳಿಯುವ ಸಾಧ್ಯತೆ ಎಷ್ಟೆಂದು ಸೂತ್ರದಿಂದ ಕಂಡುಹಿಡಿಯಲು ಪಿಯು ವಿದ್ಯಾರ್ಥಿಗೆ ಸಾಕಷ್ಟು ಶ್ರಮ ಬೇಕು. ಅಂಕಿಗಳ ಸಾಲು ಹಿಡಿದು ನೂರಾರು ಸಲ ಪತ್ರಿಕೆ ಬರೆದಂತೆ ಎಣಿಸಿದರೆ ಉತ್ತರ ತಾನಾಗಿ ಒಡಮೂಡುತ್ತದೆ. ಪ್ರಯೋಗಗಳ ಸಂಖ್ಯೆ ನಾಲ್ಕು ಪಟ್ಟಾದರೆ ಅಂದಾಜಿನ ದೋಷ ಅರ್ಧಕ್ಕಿಳಿಯುತ್ತದೆಂಬುದು ಈ ವಿಧಾನದ ನಿಯಮ.

ವಿಧಾನಕ್ಕೆ ಹಳೆಯ ಇತಿಹಾಸವಿದೆ. ಬ್ರಿಟಿಷ್ ಸಂಖ್ಯಾಶಾಸ್ತ್ರಜ್ಞ ಎಲ್.ಎಚ್.ಸಿ. ಟಿಪ್ಪೆಟ್ 1927ರಲ್ಲಿ ಜನಗಣತಿ ವರದಿಗಳಿಂದ ಆಯ್ದ 41,600 ಅಂಕಿಗಳ ಕೋಷ್ಟಕವನ್ನು ಪ್ರಕಟಿಸಿದರು, ಅಮೆರಿಕದ ರ‍್ಯಾಂಡ್ ಸಂಸ್ಥೆ 1955ರಲ್ಲಿ ಹತ್ತು ಲಕ್ಷ ಅಂಕಿಗಳ ಪುಸ್ತಕವನ್ನೇ ಹೊರತಂದಿತು. ಭಾರತದಲ್ಲಿ 1966ರಲ್ಲಿ ಪ್ರಕಟವಾದ ಇಂಥ ಕೋಷ್ಟಕಗಳ ಹಿಂದಿದ್ದ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ ಅವರು 1920ರಲ್ಲಿ ಇಂದಿನ ವಿಜಯನಗರ ಜಿಲ್ಲೆಯ ಹಡಗಲಿಯಲ್ಲಿ ಹುಟ್ಟಿದವರೆಂಬುದು ಕನ್ನಡ ನಾಡಿನ ವಿದ್ಯಾರ್ಥಿಗಳೆಲ್ಲರಿಗೂ ಗೊತ್ತಿರಬೇಕಾದ ಸಂಗತಿ.

ಇಂದು ಕಂಪ್ಯೂಟರಿನ ಸ್ಪ್ರೆಡ್‌ಶೀಟ್ ಕ್ಷಣಾರ್ಧದಲ್ಲಿ ಹತ್ತು ಸಾವಿರ ಅಂಕಿಗಳನ್ನು ಕೊಡುತ್ತದೆ. ಅದಿಲ್ಲದವರು ಅಂಕಿಗಳನ್ನು ಮನಸ್ಸಿನಿಂದ ಸೃಷ್ಟಿಸಲು ಹೋಗಬಾರದು, ಏಕೆಂದರೆ ಮನುಷ್ಯರು ಒಂದೇ ಅಂಕಿ ಮತ್ತೆ ಮತ್ತೆ ಬರುವುದನ್ನು ಅರಿವಿಲ್ಲದೆ ತಪ್ಪಿಸುತ್ತಾರೆ. ಬಸ್ ಟಿಕೆಟಿನ ಸಂಖ್ಯೆಗಳು ಒಂದರ ಹಿಂದೊಂದು ಕ್ರಮವಾಗಿ ಬರುವುದರಿಂದ ಅವೂ ಸಲ್ಲವು. ಕಾಪುವಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಸಾಗುವ ವಾಹನಗಳ ನೋಂದಣಿ ಸಂಖ್ಯೆಯ ಕೊನೆಯ ಎರಡು ಅಂಕಿಗಳು ತಕ್ಕಮಟ್ಟಿಗೆ ಒದಗಿಬರಬಹುದು, ಆದರೆ ಹರಾಜಿನಲ್ಲಿ ಹೆಚ್ಚು ಹಣ ತೆತ್ತು ಪಡೆಯುವ ಫ್ಯಾನ್ಸಿ ನಂಬರುಗಳ ಪಕ್ಷಪಾತ ಅವುಗಳಲ್ಲಿ ಸೇರಿರುತ್ತದೆ. ಇವೆಲ್ಲಕ್ಕಿಂತ ನಂಬಲರ್ಹವಾದ ದಾರಿಯೆಂದರೆ ಒಂದೇ ಗಾತ್ರದ ಹತ್ತು ಚೀಟಿಗಳಲ್ಲಿ ಹತ್ತು ಅಂಕಿಗಳನ್ನು ಬರೆದು ಡಬ್ಬಿಗೆ ಹಾಕಿ, ಪ್ರತಿ ಸಲವೂ ಎತ್ತಿದ ಚೀಟಿಯನ್ನು ಮರಳಿ ಹಾಕಿ ಚೆನ್ನಾಗಿ ಕುಲುಕುವುದು. ಸಂಖ್ಯಾಶಾಸ್ತ್ರವನ್ನು ಬೋಧಿಸುವ ಪಿಯು ಉಪನ್ಯಾಸಕರು ಪ್ರವೇಶ ಪರೀಕ್ಷೆಗಳು ಆರಂಭವಾಗುವ ಮೊದಲು ವಿಜ್ಞಾನ ವಿಭಾಗದ ಮಕ್ಕಳಿಗೂ ಒಂದು ತರಗತಿಯನ್ನು ಈ ಪ್ರಯೋಗಕ್ಕಾಗಿ ಮೀಸಲಿಡಬೇಕು.