ಮುದುಡಲೆಂದೇ ಮಾಡಿದ ಮೂತಿ

ಹೊಸ ಕಾರು ತಂದ ದಿನ ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ಈಡುಗಾಯಿ ಒಡೆದು ಇನ್ನೂ ಹೋಳು ಆರಿಸಿರಲಿಲ್ಲ, ನಮ್ಮ ಸೋದರಮಾವ ಬಾಗಿಲಿನ ಹತ್ತಿರ ಬಂದು ಬೆರಳ ಗೆಣ್ಣಿನಿಂದ ಟಣ್ ಟಣ್ ಅಂತ ಕುಟ್ಟಿ ನೋಡಿದರು. "ಬರೀ ತಗಡು ಕಣೋ. ಗಾಡಿ ಅಂದ್ರೆ ಅಂಬಾಸಿಡರ್ರು."

ಅವರ ಮಾತಿನಲ್ಲಿ ಪೂರ್ತಿ ಸುಳ್ಳೇನಿಲ್ಲ. ಹಳೇ ಗಾಡಿ ಹುಣಸೆಮರಕ್ಕೆ ಗುದ್ದಿದರೆ ಬಂಪರ್ ಸೊಟ್ಟಗಾಗುತ್ತಿತ್ತು. ಟಿಂಕರಿಂಗ್ ಶೆಡ್ಡಿನವನು ಸುತ್ತಿಗೆಯಲ್ಲಿ ನಾಲ್ಕು ಬಡಿದು ನೆಟ್ಟಗೆ ಮಾಡಿ ಕಳಿಸುತ್ತಿದ್ದ. ಈಗಿನ ಕಾರು ಅದೇ ಮರಕ್ಕೆ ಗುದ್ದಿದರೆ ಮೂತಿ ಹಪ್ಪಳ. ವಿಮೆಯವರು ಬಂದು ಫೋಟೊ ತೆಗೆದು 'ಟೋಟಲ್ ಲಾಸ್' ಅಂತ ಬರೆದುಕೊಂಡು ಹೋಗುತ್ತಾರೆ. ಆದರೆ ಆ ಮೂತಿಯನ್ನು ಹಪ್ಪಳವಾಗಲಿ ಅಂತಲೇ ಮಾಡಿರುತ್ತಾರೆ ಎಂದರೆ ಮಾವ ನಂಬುವುದಿಲ್ಲ. 1950ರ ಸುಮಾರಿನಲ್ಲಿ ಜಗತ್ತಿನ ಕಾರು ತಯಾರಕರೂ ಬಹುಪಾಲು ಮಾವನ ಪಕ್ಷದವರೇ. ಗಟ್ಟಿ ಕಾರೇ ಸುರಕ್ಷಿತ ಕಾರು, ಅದರಲ್ಲಿ ಚರ್ಚೆಗೇನಿದೆ?

ಚರ್ಚೆ ಎತ್ತಿದವನು ಬೇಲಾ ಬಾರೆನಿ. ಹುಟ್ಟಿದ್ದು 1907ರಲ್ಲಿ, ವಿಯೆನ್ನಾ ಹತ್ತಿರದ ಹಿರ್ಟೆನ್‌ಬರ್ಗ್ ಎಂಬ ಊರಲ್ಲಿ. ಎಂಜಿನಿಯರಿಂಗ್ ಓದಿದ, ಕೆಲಸಕ್ಕಾಗಿ ಅಲೆದ. ಕೊನೆಗೆ ಜರ್ಮನಿಯ ಡೈಮ್ಲರ್-ಬೆಂಜ್ ಕಂಪನಿಯ ಬಾಗಿಲು ತಟ್ಟಿದ. ಅಲ್ಲಿ ಅವನ ಸಂದರ್ಶನದ ಕತೆಯೊಂದನ್ನು ಕಂಪನಿಯವರೇ ಖುಷಿಯಿಂದ ಹೇಳಿಕೊಳ್ಳುತ್ತಾರೆ. ಮೇಲಿನ ಕುರ್ಚಿಯಲ್ಲಿದ್ದ ವಿಲ್ಹೆಲ್ಮ್ ಹಾಸ್ಪೆಲ್, ನಮ್ಮ ಕಾರುಗಳಲ್ಲಿ ಏನು ಸುಧಾರಿಸಬೇಕು ಅಂತ ಕೇಳಿದರಂತೆ. ಕೆಲಸ ಬೇಡಿ ಬಂದವನು ಹಲ್ಲು ಗಿಂಜಬೇಕಾದ ಹೊತ್ತಲ್ಲಿ ಈತ ಚಕ್ರದ ಅಚ್ಚಿನಿಂದ ಶುರುಮಾಡಿ ಸ್ಟಿಯರಿಂಗ್‌ವರೆಗೆ ಒಂದೊಂದನ್ನೇ ತಪ್ಪು ಅಂತ ಎಣಿಸಿದನಂತೆ. ಈ ಮನುಷ್ಯ ಹದಿನೈದು ಇಪ್ಪತ್ತು ವರ್ಷ ಮುಂದೆ ಯೋಚಿಸುತ್ತಾನೆ ಅಂತ ಹಾಸ್ಪೆಲ್ ಅವನನ್ನು ಇಟ್ಟುಕೊಂಡರಂತೆ. ಕತೆಗೆ ಉಪ್ಪು ಖಾರ ಎಷ್ಟು ಬಿದ್ದಿದೆಯೋ, 1939ರಲ್ಲಿ ಅವನು ಕೆಲಸಕ್ಕೆ ಸೇರಿದ್ದು ಮಾತ್ರ ನಿಜ. ನಿವೃತ್ತನಾಗುವ ಹೊತ್ತಿಗೆ ಅವನ ಹೆಸರಿನಲ್ಲಿ ಎರಡೂವರೆ ಸಾವಿರದಷ್ಟು ಪೇಟೆಂಟುಗಳಿದ್ದವು.

ಯುದ್ಧ ಮುಗಿಯುವ ಹೊತ್ತಿಗೆ ಬಾರೆನಿ ಕಾರನ್ನು ಒಂದೇ ಡಬ್ಬಿಯಾಗಿ ನೋಡುವುದನ್ನು ಬಿಟ್ಟಿದ್ದ. ಅವನ ನಕ್ಷೆಗಳಲ್ಲಿ ಕಾರು ಮೂರು ತುಂಡಾಗಿತ್ತು: ಮುಂದೊಂದು, ಹಿಂದೊಂದು, ನಡುವೆ ಜನ ಕೂರುವ ಕೋಣೆ. ಅಲ್ಲಿಂದ ಮುಂದಿನದು ಲೆಕ್ಕ. ಗಂಟೆಗೆ 50 ಕಿ.ಮೀ. ವೇಗದ ಕಾರು ಗೋಡೆಗೆ ಗುದ್ದುತ್ತದೆ ಅನ್ನಿ. ಒಳಗಿರುವವನು ಬೆಲ್ಟಿನಿಂದ ಕಾರಿಗೇ ಕಟ್ಟಿಕೊಂಡಿದ್ದಾನೆ. ಕಾರು ಬಹಳ ಗಟ್ಟಿ, ಬರೀ 10 ಸೆಂ.ಮೀ. ಒಳಗೇ ಗಕ್ಕನೆ ನಿಂತಿತು. ಆಗ ಅವನ ಮೈಮೇಲೆ ಬೀಳುವ ಬಲ ಸರಾಸರಿ ಅವನ ತೂಕದ ನೂರು ಪಟ್ಟಿನ ಹತ್ತಿರ. 60 ಕಿಲೋ ಆಳಿಗೆ ಆರು ಟನ್. ಅದೇ ಕಾರಿನ ಮೂತಿ 60 ಸೆಂ.ಮೀ. ಮುದುಡುತ್ತಾ ನಿಂತರೆ ಬಲ ಹದಿನಾರು ಪಟ್ಟಿಗೆ, ಒಂದು ಟನ್ನಿಗೆ ಇಳಿಯುತ್ತದೆ. ನೋವಾಗುತ್ತದೆ, ಜೀವ ಉಳಿಯುತ್ತದೆ. ಈಡುಗಾಯಿ ಒಡೆಯುವವನು ಕಲ್ಲು ಹುಡುಕುತ್ತಾನೆಯೇ ಹೊರತು ಹುಲ್ಲಿನ ಮೆದೆಯನ್ನಲ್ಲ. ಗಟ್ಟಿ ಕಾರು ಆ ಕಲ್ಲು. ಕಾಯಿ ಯಾವುದು ಅಂತ ಹೇಳಬೇಕಾಗಿಲ್ಲ.

ಇಡೀ ಕಾರನ್ನೇ ಮೆತ್ತಗೆ ಮಾಡಿದರೆ ಜನ ಕೂತ ಜಾಗವೂ ಅಪ್ಪಚ್ಚಿಯಾಗುತ್ತದೆ. ಬಾರೆನಿಯ ಜಾಣತನ ಇದ್ದದ್ದು ಇಲ್ಲಿ. ನಡುವಿನ ಕೋಣೆ ಅತಿ ಗಟ್ಟಿ. ಅಲ್ಲಿಂದ ಎರಡೂ ತುದಿಗಳತ್ತ ಹೋದಂತೆ ಗಟ್ಟಿತನ ಹಂತಹಂತವಾಗಿ ಇಳಿಯಬೇಕು. 1951ರ ಜನವರಿಯಲ್ಲಿ ಅರ್ಜಿ ಹಾಕಿದ, ಮರುವರ್ಷ ಆಗಸ್ಟಿನಲ್ಲಿ ಜರ್ಮನ್ ಪೇಟೆಂಟ್ 854157 ಕೈಗೆ ಬಂತು. ಕಾಗದ ಕಾರಾಗಲು ಮತ್ತೆ ಏಳು ವರ್ಷ ಹಿಡಿಯಿತು.

1959ರಲ್ಲಿ ಡೈಮ್ಲರ್-ಬೆಂಜ್ ಹೊರತಂದ ಮರ್ಸಿಡಿಸ್ 220 ಈ ತತ್ವದ ಮೇಲೆ ಕಟ್ಟಿದ ಮೊದಲ ಕಾರು. ಹಿಂಬದಿಯಲ್ಲಿ ಮೀನಿನ ರೆಕ್ಕೆಯಂಥ ಎರಡು ಅಂಚುಗಳಿದ್ದವು. ಅಮೆರಿಕದ ರೆಕ್ಕೆ ಫ್ಯಾಷನ್ ಜರ್ಮನಿಗೂ ಬಂದಿತ್ತು, ಅಷ್ಟೇ. ಆದರೆ ಗಂಭೀರ ಕಂಪನಿ ಫ್ಯಾಷನ್ ಅಂತ ಒಪ್ಪಿಕೊಳ್ಳುವುದುಂಟೆ? ಇವು ರಿವರ್ಸ್ ತೆಗೆಯುವಾಗ ಗಾಡಿಯ ತುದಿ ಎಲ್ಲಿದೆ ಅಂತ ಚಾಲಕನಿಗೆ ಕಾಣಲಿ ಅಂತ ಇಟ್ಟ ಗುರುತುಗೋಲುಗಳು ಎಂದರು. ನೆಪವೇ ಇರಲಿ, ಕೂತಲ್ಲಿಂದ ಗಾಡಿಯ ನಾಲ್ಕೂ ಮೂಲೆ ಕಾಣಬೇಕು ಎಂಬುದು ಆಗ ಹೆಮ್ಮೆಯಿಂದ ಹೇಳಿಕೊಳ್ಳುವ ಗುಣವಾಗಿತ್ತು.

ಅದೇ ವರ್ಷದ ಸೆಪ್ಟೆಂಬರ್ 10ರಂದು ಜಿಂಡೆಲ್ಫಿಂಗನ್ ಕಾರ್ಖಾನೆಯ ಬಯಲಲ್ಲಿ ಮರ್ಸಿಡಿಸ್‌ನವರು ತಮ್ಮದೇ ಕಾರೊಂದನ್ನು ಬೇಕೆಂದೇ ಗಟ್ಟಿ ತಡೆಗೆ ಗುದ್ದಿಸಿದರು. ಮೊದಮೊದಲು ಗ್ಲೈಡರ್ ವಿಮಾನ ಎಳೆಯುವ ರಾಟೆಯಿಂದ ಕಾರನ್ನು ಎಳೆಯುತ್ತಿದ್ದರು. ಅದರ ಬಲ ಸಾಲದಾದಾಗ ಕಾರಿನ ಹಿಂದೆ ಬಿಸಿನೀರಿನ ರಾಕೆಟ್ ಕಟ್ಟಿದರು. ಆವಿ ಬುಸ್ಸೆಂದು ಉಗುಳುತ್ತಾ, ಮೋಡದ ಬಾಲ ಎಳೆದುಕೊಂಡು ಓಡುವ ಖಾಲಿ ಕಾರು! ಬಾರೆನಿಯ ಲೆಕ್ಕ ತಾಳೆಯಾಗುತ್ತದೋ ಇಲ್ಲವೋ ಅಂತ ನೋಡಲು ಹೀಗೆ ಗಾಡಿ ಪುಡಿಮಾಡುವುದೊಂದೇ ದಾರಿಯಾಗಿತ್ತು.

ಅದೇ ವರ್ಷ ಸ್ವೀಡನ್ನಿನ ವೋಲ್ವೊ, ನಿಲ್ಸ್ ಬೋಲಿನ್ ಎಂಬ ಎಂಜಿನಿಯರ್ ರೂಪಿಸಿದ ಮೂರು ಬಿಂದುಗಳ ಸೀಟ್ ಬೆಲ್ಟನ್ನು ಕಾರಿಗೆ ಹಾಕಿತು. ಬೋಲಿನ್ ಅದಕ್ಕೆ ಮುಂಚೆ ಯುದ್ಧವಿಮಾನದಿಂದ ಪೈಲಟನ್ನು ಹೊರಗೆಸೆಯುವ ಸೀಟು ಮಾಡುತ್ತಿದ್ದವನು. ಇಲ್ಲಿ ಕೂತವನನ್ನು ಒಳಗೇ ಹಿಡಿದಿಡುವ ಕೆಲಸ. ಆ ಬೆಲ್ಟ್ ಇಲ್ಲದಿದ್ದರೆ ಬಾರೆನಿಯ ಮೂತಿ ಅರ್ಧ ವ್ಯರ್ಥ: ಕಾರು ನಿಧಾನವಾಗಿ ನಿಲ್ಲುತ್ತದೆ, ಕಟ್ಟಿಕೊಳ್ಳದವನು ನಿಲ್ಲದೆ ಹೋಗಿ ಗಾಜಿಗೆ ಬಡಿಯುತ್ತಾನೆ. ನಮ್ಮಲ್ಲಿ ಬೆಲ್ಟಿನ ಕಿರಿಕಿರಿ ಸದ್ದು ಅಡಗಿಸಲು ಬರೀ ಕೊಕ್ಕೆ ಸಿಕ್ಕಿಸಿಕೊಂಡು ಹೋಗುವವರಿದ್ದಾರಲ್ಲ, ಅವರು ದುಡ್ಡು ಕೊಟ್ಟು ಕೊಂಡ ಅರ್ಧ ಕಾರನ್ನು ಮನೆಯಲ್ಲೇ ಬಿಟ್ಟುಬಂದ ಹಾಗೆ.

ಮಾವನ ವಾದಕ್ಕೆ ನೇರ ಉತ್ತರ ಸಿಕ್ಕಿದ್ದು 2009ರಲ್ಲಿ. ಅಮೆರಿಕದ ವಿಮಾ ಕಂಪನಿಗಳ ಹೆದ್ದಾರಿ ಸುರಕ್ಷತಾ ಸಂಸ್ಥೆಗೆ ಐವತ್ತು ತುಂಬಿತ್ತು. ಆ ನೆಪದಲ್ಲಿ ಅವರು 1959ರ ಷೆವ್ರೊಲೆ ಬೆಲ್ ಏರ್ ಮತ್ತು 2009ರ ಷೆವ್ರೊಲೆ ಮಲಿಬು, ಎರಡನ್ನೂ ಗಂಟೆಗೆ 64 ಕಿ.ಮೀ. ವೇಗದಲ್ಲಿ ಮುಖಾಮುಖಿ ಬಿಟ್ಟರು, ಚಾಲಕರ ಬದಿಗೆ ಬದಿ ತಾಗುವಂತೆ. ಬೆಲ್ ಏರ್ ಅಂದರೆ ಆನೆ. ಉದ್ದ ಬಾನೆಟ್ಟು, ಫಳಫಳ ಕ್ರೋಮು, ಪಕ್ಕಕ್ಕೂ ಸುತ್ತಿಕೊಂಡ ಗಾಜು, ಕಡ್ಡಿಯಂಥ ಕಂಬ. ಒಳಗೆ ಕೂತರೆ ಮಂಟಪದಲ್ಲಿ ಕೂತ ಹಾಗೆ ಎಲ್ಲಾ ದಿಕ್ಕೂ ಕಾಣುತ್ತದೆ. ಗುದ್ದಿದ ಕ್ಷಣ ಆ ಕಡ್ಡಿಕಂಬ ಮಡಚಿತು, ಸ್ಟಿಯರಿಂಗ್ ಹಿಂದಕ್ಕೆ ನುಗ್ಗಿ, ಚಾಲಕನ ಜಾಗದಲ್ಲಿ ಕೂರಿಸಿದ್ದ ಗೊಂಬೆಯ ಮೇಲೆ ಬಂತು. ಚಾಲಕ ಬದುಕುತ್ತಿರಲಿಲ್ಲ ಎಂದರು ಪರೀಕ್ಷಕರು. ಮಲಿಬುವಿನ ಮೂತಿ ಪೂರಾ ಹೋಯಿತು, ಗೊಂಬೆ ಕೂತ ಕೋಣೆ ಹಾಗೇ ಉಳಿಯಿತು. ಕಾಲಿಗೆ ಸಣ್ಣ ಪೆಟ್ಟಷ್ಟೇ. ವಿಡಿಯೊದಲ್ಲಿ ಎದ್ದ ಕಂದು ಧೂಳು ತೋರಿಸಿ, ಅದು ತುಕ್ಕು ಹಿಡಿದ ಗಾಡಿ ಕಣ್ರೀ ಅಂತ ಹಳೇ ಕಾರಿನ ಅಭಿಮಾನಿಗಳು ತಕರಾರು ತೆಗೆದರು. ಮಾವನೂ ಅದನ್ನೇ ಅಂದರು, ಯಾರೂ ಹೇಳಿಕೊಡದೆ.

ನಮ್ಮ ಅಂಬಾಸಿಡರ್ ಕೂಡ 1950ರ ದಶಕದ ಮಾರಿಸ್ ಆಕ್ಸ್‌ಫರ್ಡ್ ಅಚ್ಚಿನದೇ, ಮತ್ತು ಅದು 2014ರವರೆಗೂ ತಯಾರಾಗುತ್ತಿತ್ತು. ಹೊಸ ಮಾದರಿಯ ಕಾರುಗಳೆಲ್ಲ ಗುದ್ದಿಸುವ ಪರೀಕ್ಷೆ ಪಾಸಾಗಲೇಬೇಕು ಅಂತ ನಮ್ಮಲ್ಲಿ ಕಡ್ಡಾಯವಾದದ್ದು 2017ರ ಅಕ್ಟೋಬರಿನಲ್ಲಿ.

ಇಷ್ಟೆಲ್ಲ ಬಾರೆನಿಯ ಗೆಲುವು. ಆದರೆ ನನ್ನನ್ನು ಕಾಡುವುದು ಅವನ ಇನ್ನೊಂದು ಕೆಲಸ. 1963ರ ಮರ್ಸಿಡಿಸ್ 230 ಎಸ್‌ಎಲ್ ಕಾರಿನ ಚಾವಣಿ ಅಂಚುಗಳಲ್ಲಿ ಎತ್ತರ, ನಡುವೆ ತಗ್ಗು. ಜನ ಅದಕ್ಕೆ 'ಪಗೋಡ' ಅಂತ ಹೆಸರಿಟ್ಟರು. ಆ ಮಡಿಕೆಯಿಂದ ಚಾವಣಿಗೆ ಬಲ ಬಂತು, ಅಂಚು ಎತ್ತರವಾದ್ದರಿಂದ ಕಿಟಕಿಯೂ ಎತ್ತರವಾಯಿತು. ಬಲ ಬೇಕಾದರೆ ನೋಟ ಬಿಟ್ಟುಕೊಡಬೇಕು ಎಂಬ ಚೌಕಾಸಿಗೇ ಅವನು ಒಪ್ಪಲಿಲ್ಲ. ಆಮೇಲಿನವರು ಒಪ್ಪಿದರು. ಕಾರು ಪಲ್ಟಿಯಾದರೂ ಚಾವಣಿ ಕುಸಿಯಬಾರದು, ಕಂಬದೊಳಗೆ ಏರ್‌ಬ್ಯಾಗ್ ಕೂರಬೇಕು. ಹೀಗೆ ಮುಂಗಾಜಿನ ಎರಡು ಬದಿಯ ಕಂಬಗಳು ವರ್ಷವರ್ಷ ದಪ್ಪವಾದವು. ಚಾಲಕನ ಎರಡೂ ಕಣ್ಣಿಗೆ ಸೇರಿ ಒಂದು ಕಂಬ 6 ಡಿಗ್ರಿಗಿಂತ ಹೆಚ್ಚು ಮರೆ ಮಾಡಬಾರದು ಅಂತ ವಿಶ್ವಸಂಸ್ಥೆಯ ವಾಹನ ನಿಯಮ ಹೇಳುತ್ತದೆ. 6 ಡಿಗ್ರಿ ಕೇಳಲು ಚಿಕ್ಕದು. 20 ಮೀಟರ್ ದೂರದಲ್ಲಿ ಅದು ಎರಡು ಮೀಟರ್ ಅಗಲ. ಅಡ್ಡ ಬರುವ ಒಂದು ಸ್ಕೂಟರ್, ಸವಾರನ ಸಮೇತ, ಅದರ ಹಿಂದೆ ಮಾಯವಾಗಬಹುದು. ನಮ್ಮ ಸರ್ಕಲ್‌ಗಳಲ್ಲಂತೂ ಗಾಡಿಗಳು ಬರುವುದು ಬಲಗಡೆಯಿಂದ. ಚಾಲಕನಿಗೆ ಹತ್ತಿರವಾಗಿ ಹೆಚ್ಚು ಮರೆ ಮಾಡುವ ಕಂಬವೂ ಬಲಗಡೆಯದೇ.

ಮೊನ್ನೆ ಮಾವನನ್ನು ಕೂರಿಸಿಕೊಂಡು ಹೋಗುವಾಗ ಪ್ರತಿ ಸರ್ಕಲ್‌ನಲ್ಲೂ ನಾನು ಮುಂದೆ ಬಾಗಿ, ಹಿಂದೆ ವಾಲಿ, ಕಂಬದ ಆಚೆ ಈಚೆ ಇಣುಕುತ್ತಿದ್ದೆ. ಮಾವ ಬೆಲ್ಟನ್ನು ಪೊಲೀಸರಿಗೆ ಕಾಣಲಿ ಅಂತ ಹೆಗಲ ಮೇಲೆ ಸುಮ್ಮನೆ ಎಳೆದುಕೊಂಡು ಕೂತಿದ್ದವರು ಕೇಳಿದರು, "ಅದೇನೋ ಅದು, ಕೋಳಿ ಹಾಗೆ ಕತ್ತು ಆಡಿಸ್ತೀಯ?"

"ಕಂಬದ ಹಿಂದೆ ಯಾರಾದ್ರೂ ಇದ್ದಾರಾ ಅಂತ ನೋಡ್ತಿದೀನಿ ಮಾವ. ನೀವು ಮೊದ್ಲು ಬೆಲ್ಟ್ ಸರಿಯಾಗಿ ಹಾಕ್ಕೊಳ್ಳಿ."

ಕ್ಲಿಕ್ ಅಂತ ಹಾಕಿಕೊಂಡರು. ಆಮೇಲೆ ಕಂಬವನ್ನು ಕೈಯಿಂದ ಅಳೆದು ನೋಡಿದರು; ಅಗಲಿಸಿದ ಅಂಗೈ ಅದನ್ನು ಪೂರ್ತಿ ಮುಚ್ಚಲಿಲ್ಲ. "ಅಂಬಾಸಿಡರ್ನಲ್ಲಿ ಇದು ಎರಡೇ ಬೆರಳು ಇತ್ತು," ಅಂದರು. ನಾನು ಏನೂ ಹೇಳಲಿಲ್ಲ. ಬಲಗಡೆಯಿಂದ, ಕಂಬದ ಮರೆಯಿಂದ, ಹಾಲಿನ ಕ್ಯಾನು ಕಟ್ಟಿಕೊಂಡ ಮೊಪೆಡ್ಡೊಂದು ಆಗತಾನೇ ಹೊರಬರುತ್ತಿತ್ತು.