ಕಂಠದಿಂದ ಕಂಠಕ್ಕೆ: ಅಮೆರಿಕದ ಹೊಸ ಹಾಡುಗಳಲ್ಲಿ ಬಾಳಬಲ್ಲವು ಯಾವುವು?

1939ರ ನವೆಂಬರ್ ತಿಂಗಳಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ 'ವೆರಿ ವಾರ್ಮ್ ಫಾರ್ ಮೇ' ಎಂಬ ಸಂಗೀತನಾಟಕವೊಂದು ರಂಗವೇರಿತು. ಸ್ವರಸಂಯೋಜನೆ ಜೆರೋಮ್ ಕರ್ನ್ ಅವರದು. ಸಾಹಿತ್ಯ ಆಸ್ಕರ್ ಹ್ಯಾಮರ್‌ಸ್ಟೈನ್ ಅವರದು. ಇಬ್ಬರೂ ಆ ಕಾಲಕ್ಕೆ ಹೆಸರಾಂತ ಕಲಾವಿದರು. ಆದರೂ ಪ್ರೇಕ್ಷಕರು ಒಲಿಯಲಿಲ್ಲ. 59 ಪ್ರದರ್ಶನಗಳೊಡನೆ ನಾಟಕ ಮುಗಿಯಿತು, ಜನ ಅದನ್ನು ಮರೆತರು. ಆದರೆ ಅದರೊಳಗಿನ 'ಆಲ್ ದ ಥಿಂಗ್ಸ್ ಯು ಆರ್' ಎಂಬ ಒಂದು ಹಾಡು ಮಾತ್ರ ಸಾಯಲಿಲ್ಲ. ಗಾಯಕರು ಅದನ್ನು ಹಾಡಿದರು, ಪಿಯಾನೋ ವಾದಕರು ನುಡಿಸಿದರು, ಜಾಝ್ ಮೇಳದವರು ತಮ್ಮದಾಗಿಸಿಕೊಂಡರು. ಇಂದಿಗೂ ಜಾಝ್ ಕಲಿಯುವ ವಿದ್ಯಾರ್ಥಿಗೆ ಅದು ತಪ್ಪದ ಪಾಠ.

ಇಂತಹ ಹಾಡಿಗೆ ಅಮೆರಿಕನ್ನರು 'ಸ್ಟ್ಯಾಂಡರ್ಡ್' ಎನ್ನುತ್ತಾರೆ. ಹುಟ್ಟಿದ ಸಂದರ್ಭವನ್ನೂ ಮೊದಲು ಹಾಡಿದ ಕಂಠವನ್ನೂ ಮೀರಿ, ಯಾರು ಹಾಡಿದರೂ ನಿಲ್ಲಬಲ್ಲ ಹಾಡು ಎಂಬುದೇ ಆ ಮಾತಿನ ತಾತ್ಪರ್ಯ. ಎಷ್ಟು ಮುದ್ರಿಕೆಗಳು ಮಾರಾಟವಾದವು ಎಂಬುದಕ್ಕೂ ಈ ಪದವಿಗೂ ಸಂಬಂಧ ಕಡಮೆ. ಹಾಗಾದರೆ ಈಚಿನ ದಶಕಗಳಲ್ಲಿ ಅಲ್ಲಿ ಹುಟ್ಟಿದ ಅಸಂಖ್ಯಾತ ಹಾಡುಗಳಲ್ಲಿ ಈ ಪದವಿಗೆ ಅರ್ಹವಾದವು ಯಾವುವು? ಪ್ರಶ್ನೆ ಸರಳ, ಆದರೆ ಉತ್ತರ ಹಿಂದಿನಷ್ಟು ಸುಲಭವಲ್ಲ.

ಯಾರ ಮೈಗೂ ಒಪ್ಪುವ ಅಂಗಿ

ಹಿಂದೆ ಹಾಡು ತಯಾರಾಗುತ್ತಿದ್ದ ಬಗೆಯೇ ಬೇರೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನ್ಯೂಯಾರ್ಕಿನ 28ನೆಯ ಬೀದಿಯಲ್ಲಿ ಸಂಗೀತ ಪ್ರಕಾಶಕರ ಕಚೇರಿಗಳು ಸಾಲುಗಟ್ಟಿದ್ದವು. ಆ ಕೇರಿಗೆ 'ಟಿನ್ ಪ್ಯಾನ್ ಆಲಿ' ಎಂದು ಹೆಸರು. ಅಲ್ಲಿ ಸಾಹಿತ್ಯ ಬರೆಯುವವರೊಬ್ಬರು, ಸ್ವರ ಹಾಕುವವರು ಇನ್ನೊಬ್ಬರು, ಹಾಡುವವರು ಹತ್ತು ಮಂದಿ. ಹಾಡು ಅಚ್ಚಾದ ಸ್ವರಲಿಪಿಯಾಗಿ ಮನೆಮನೆಯ ಪಿಯಾನೋವನ್ನು ಸೇರುತ್ತಿತ್ತು. ಆದುದರಿಂದ ಅದನ್ನು ಯಾರ ಮೈಗೂ ಒಪ್ಪುವ ಅಂಗಿಯಂತೆ ಹೊಲಿಯಬೇಕಾಗುತ್ತಿತ್ತು.

ಕಾನೂನೂ ಇದಕ್ಕೆ ಒತ್ತಾಸೆಯಾಗಿತ್ತು. ಅಮೆರಿಕದ 1909ರ ಕೃತಿಸ್ವಾಮ್ಯ ಶಾಸನದ ಪ್ರಕಾರ, ಕರ್ತೃವಿನ ಒಪ್ಪಿಗೆಯಿಂದ ಒಮ್ಮೆ ಮುದ್ರಿತವಾದ ಹಾಡನ್ನು ಬೇರೆ ಯಾರೇ ಆಗಲಿ ಪ್ರತಿಯೊಂದಕ್ಕೆ 2 ಸೆಂಟಿನಂತೆ ಗೌರವಧನ ತೆತ್ತು ಮತ್ತೆ ಧ್ವನಿಮುದ್ರಿಸಬಹುದಾಗಿತ್ತು. ಅನಂತರ ದರ ಬದಲಾಗಿದೆ, ತತ್ತ್ವ ಉಳಿದಿದೆ. 1956ರಿಂದ 1964ರವರೆಗೆ ಗಾಯಕಿ ಎಲ್ಲಾ ಫಿಟ್ಜೆರಾಲ್ಡ್ ಅವರು ಒಬ್ಬೊಬ್ಬ ರಚನಕಾರರ ಹಾಡುಗಳನ್ನು ಒಂದೊಂದು ಸಂಪುಟವಾಗಿ ಹಾಡಿದಾಗ, ನಾಟಕಗಳೊಡನೆ ಮರೆಯಾಗಬಹುದಾಗಿದ್ದ ಎಷ್ಟೋ ಹಾಡುಗಳಿಗೆ ಮರುಜನ್ಮ ಬಂದಿತು.

1960ರ ದಶಕದಲ್ಲಿ ಗಾಳಿ ಬೇರೆ ದಿಕ್ಕಿಗೆ ತಿರುಗಿತು. ಬಾಬ್ ಡಿಲನ್ ಮೊದಲಾದವರು ತಮ್ಮ ಹಾಡನ್ನು ತಾವೇ ಬರೆದು ತಾವೇ ಹಾಡತೊಡಗಿದರು. ಹಾಡಿಗೆ ಆತ್ಮಕಥೆಯ ಸತ್ಯ ಬಂದಿತು. ಇದು ದೊಡ್ಡ ಲಾಭ. ಆದರೆ ಹಾಡೆಂದರೆ ಸ್ವರಲಿಪಿಯಲ್ಲ, ಒಂದು ನಿರ್ದಿಷ್ಟ ಧ್ವನಿಮುದ್ರಣ ಎಂಬ ಭಾವನೆಯೂ ಬೇರೂರಿತು. ಬೇರೆಯವರು ಹಾಡಿದರೆ ಅದು ಅನುಕರಣೆ ಎನಿಸುವಂತಾಯಿತು. ಒಂದೇ ಕಂಠಕ್ಕೆ ಕಟ್ಟುಬಿದ್ದ ಹಾಡು ಆ ಕಂಠದೊಡನೆಯೇ ಯಂತ್ರದೊಳಗೆ ಉಳಿದುಹೋಗುವ ಅಪಾಯ ಇಲ್ಲಿಯೇ ಇರುವುದು.

ಪರೀಕ್ಷೆಗೆ ನಿಂತ ನಾಲ್ಕು ಹಾಡುಗಳು

ಆದುದರಿಂದ ಪರೀಕ್ಷೆ ಒಂದೇ: ವಾದ್ಯಗಳ ಆಡಂಬರವನ್ನೆಲ್ಲ ಕಳಚಿ, ಒಂದು ಪಿಯಾನೋ ಇಲ್ಲವೆ ಗಿಟಾರಿನೊಡನೆ, ಬೇರೆ ವಯಸ್ಸಿನ, ಬೇರೆ ಬಾಳಿನ ವ್ಯಕ್ತಿಯೊಬ್ಬರು ಹಾಡಿದಾಗ ಹಾಡು ನಿಲ್ಲುವುದೇ?

'ಮೇಕ್ ಯು ಫೀಲ್ ಮೈ ಲವ್' ನಿಂತಿದೆ. ಅದನ್ನು ರಚಿಸಿದವರು ಡಿಲನ್ ಅವರೇ. 1997ರಲ್ಲಿ, ತಮ್ಮ 56ನೆಯ ವಯಸ್ಸಿನಲ್ಲಿ, ಅವರು ಅದನ್ನು ಒರಟು ಧ್ವನಿಯಲ್ಲಿ ಹಾಡಿದರು. ಅದೇ ವರ್ಷ ಬಿಲ್ಲಿ ಜೋಯೆಲ್, ಮರುವರ್ಷ ಗಾರ್ತ್ ಬ್ರೂಕ್ಸ್ ಹಾಡಿದರು. 2008ರಲ್ಲಿ ಅಡೆಲ್ ಎಂಬ 19 ವರ್ಷದ ಇಂಗ್ಲಿಷ್ ತರುಣಿಯ ಮುದ್ರಿಕೆ ಹೊರಬಂದಾಗ, ಅದು ಮುದುಕರ ಹಾಡೇ ಎಳೆಯರ ಹಾಡೇ ಎಂಬ ಪ್ರಶ್ನೆಯೇ ಉಳಿಯಲಿಲ್ಲ.

ಎರಡನೆಯದು 'ಐ ಕಾಂಟ್ ಮೇಕ್ ಯು ಲವ್ ಮಿ'. ರಚಿಸಿದವರು ಮೈಕ್ ರೀಡ್ ಮತ್ತು ಅಲೆನ್ ಶಾಂಬ್ಲಿನ್. ರೀಡ್ ಅವರು ಸಿನ್ಸಿನ್ನಾಟಿ ತಂಡದಲ್ಲಿ ಅಮೆರಿಕನ್ ಫುಟ್ಬಾಲ್ ಆಡಿ ಹೆಸರು ಗಳಿಸಿದ್ದ ಆಟಗಾರರು ಎಂದರೆ ಓದುಗರಿಗೆ ಅಚ್ಚರಿಯಾದೀತು! 1991ರಲ್ಲಿ ಬಾನಿ ರೈಟ್ ಹಾಡಿದರು. ಪಿಯಾನೋ ನುಡಿಸಿದವರು ಬ್ರೂಸ್ ಹಾರ್ನ್ಸ್‌ಬಿ. ಒಲಿಯದ ಮನಸ್ಸನ್ನು ಬಲವಂತದಿಂದ ಒಲಿಸಲಾಗದೆಂಬ ಅರಿವೇ ಅದರ ವಸ್ತು. ಅಲ್ಲಿ ಕೋಪವಿಲ್ಲ, ಬೇಡಿಕೆಯಿಲ್ಲ. ಈ ನೋವಿಗೆ ಗಂಡು ಹೆಣ್ಣೆಂಬ ಭೇದವೂ ಇಲ್ಲ. ಮುಂದೆ ಜಾರ್ಜ್ ಮೈಕೆಲ್ ಹಾಡಿದಾಗಲೂ ಹಾಡು ಅಷ್ಟೇ ಘನವಾಗಿ ನಿಂತಿತು.

ಮೂರನೆಯದಾದ 'ಡೋಂಟ್ ನೋ ವೈ' ಜೆಸ್ಸಿ ಹ್ಯಾರಿಸ್ ಅವರ ರಚನೆ. ಅವರೇ ಮೊದಲು ಮುದ್ರಿಸಿದ್ದರು. 2002ರಲ್ಲಿ ಅದನ್ನು ಲೋಕಪ್ರಸಿದ್ಧಗೊಳಿಸಿದವರು ನೋರಾ ಜೋನ್ಸ್, ನಮ್ಮ ಸಿತಾರ್ ಮಾಂತ್ರಿಕ ಪಂಡಿತ ರವಿಶಂಕರರ ಪುತ್ರಿ. 2003ರ ಗ್ರ್ಯಾಮಿ ಸಮಾರಂಭದಲ್ಲಿ ವರ್ಷದ ಹಾಡು, ವರ್ಷದ ಮುದ್ರಿಕೆ ಎಂಬ ಎರಡು ಪ್ರಶಸ್ತಿಗಳೂ ಅದಕ್ಕೇ ಸಂದವು. ಮಾತು ಮಿತ, ರಾಗ ಸರಳ. ಹಳೆಯ ಸ್ಟ್ಯಾಂಡರ್ಡುಗಳ ಸಾಲಿನಲ್ಲಿ ಕೂಡಿಸಿದರೆ ಹೊಸದೆಂದು ಗುರುತು ಹತ್ತುವುದೇ ಕಷ್ಟ.

ಕಠಿಣವಾದ ಪರೀಕ್ಷೆ ನಾಲ್ಕನೆಯದಕ್ಕೆ. ಟ್ರೇಸಿ ಚಾಪ್ಮನ್ ಎಂಬ ಕಪ್ಪು ತರುಣಿ 1988ರಲ್ಲಿ ಹಾಡಿದ 'ಫಾಸ್ಟ್ ಕಾರ್' ಒಂದು ಬಡ ಹುಡುಗಿಯ ಕಥೆ. ತಾಯಿ ಮನೆ ಬಿಟ್ಟಿದ್ದಾಳೆ, ತಂದೆ ಕುಡುಕ, ಅವನ ಆರೈಕೆಗಾಗಿ ಹುಡುಗಿ ಶಾಲೆ ಬಿಡುತ್ತಾಳೆ. ಗೆಳೆಯನ ಕಾರಿನಲ್ಲಿ ಊರು ಬಿಟ್ಟರೆ ಬದುಕು ಹಸನಾದೀತೆಂಬ ಆಸೆ. ಕೊನೆಗೆ ಅವನೂ ತಂದೆಯ ಹಾದಿಯನ್ನೇ ಹಿಡಿಯುತ್ತಾನೆ. ಇಷ್ಟು ಸ್ವಂತದ ಹಾಡನ್ನು ಬೇರೆಯವರು ಹಾಡಬಲ್ಲರೇ? 2023ರಲ್ಲಿ ಲ್ಯೂಕ್ ಕೂಂಬ್ಸ್ ಎಂಬ ಬಿಳಿಯ ಕಂಟ್ರಿ ಗಾಯಕರು ಹಾಡಿದರು. ಅಂಗಡಿಯ ಗಲ್ಲಾದಲ್ಲಿ ದುಡಿಯುವ ಹುಡುಗಿ ಅವರ ಬಾಯಲ್ಲೂ ಹುಡುಗಿಯಾಗಿಯೇ ಉಳಿದಳು; ಮಾತನ್ನು ಅವರು ಬದಲಿಸಲಿಲ್ಲ. ಆ ವರ್ಷ ಕಂಟ್ರಿ ಸಂಗೀತ ಸಂಘದ 'ವರ್ಷದ ಹಾಡು' ಪ್ರಶಸ್ತಿ ಚಾಪ್ಮನ್ ಅವರಿಗೆ ದೊರೆಯಿತು. ಆ ಗೌರವ ಪಡೆದ ಕಪ್ಪು ಜನಾಂಗದ ಮೊದಲ ರಚನಕಾರರು ಅವರೇ. 2024ರ ಫೆಬ್ರವರಿಯಲ್ಲಿ ಗ್ರ್ಯಾಮಿ ವೇದಿಕೆಯ ಮೇಲೆ ಇಬ್ಬರೂ ಕೂಡಿ ಹಾಡಿದಾಗ, ಹಾಡು ಯಾರದೆಂಬ ವಾದಕ್ಕೆ ಎಡೆಯೇ ಇರಲಿಲ್ಲ.

ಉಳಿಸುವವರು ಯಾರು?

ಅರ್ಹತೆ ಇದ್ದ ಮಾತ್ರಕ್ಕೆ ಹಾಡು ಬಾಳುವುದಿಲ್ಲ. ಅದನ್ನು ಎತ್ತಿಕೊಳ್ಳುವ ಕಲಾವಿದರು ಬೇಕು. 1996ರಲ್ಲಿ ಪಿಯಾನೋ ವಾದಕ ಹರ್ಬಿ ಹ್ಯಾನ್‌ಕಾಕ್ ಅವರು ಸ್ಟೀವಿ ವಂಡರ್, ಪ್ರಿನ್ಸ್, ನಿರ್ವಾಣ ತಂಡ ಮೊದಲಾದವರ ಹಾಡುಗಳನ್ನು ಜಾಝ್ ಶೈಲಿಯಲ್ಲಿ ನುಡಿಸಿ, ಸಂಪುಟಕ್ಕೆ 'ದ ನ್ಯೂ ಸ್ಟ್ಯಾಂಡರ್ಡ್' ಎಂದೇ ಹೆಸರಿಟ್ಟರು. ಅಂತಹ ಪ್ರಯತ್ನಗಳು ಇನ್ನೂ ಹೆಚ್ಚಬೇಕಾಗಿದೆ. ಇಂದು ಮೂಲ ಧ್ವನಿಮುದ್ರಣ ಎಲ್ಲರ ಕೈಗೂ ಕ್ಷಣದಲ್ಲಿ ಎಟಕುತ್ತದೆ. ಮತ್ತೊಬ್ಬರು ಹಾಡುವ ಅಗತ್ಯವೇನೆಂದು ಕೇಳುವವರೂ ಉಂಟು. ಆದರೆ ಮುದ್ರಿಕೆ ಧ್ವನಿಯನ್ನು ಕಾಪಾಡೀತೇ ಹೊರತು ಹಾಡನ್ನು ಬೆಳೆಸಲಾರದು. ಡಿಲನ್, ರೈಟ್, ಜೋನ್ಸ್, ಚಾಪ್ಮನ್ ಇವರ ಹೆಸರನ್ನೇ ಕೇಳದ ಬಾಲಕಿಯೊಬ್ಬಳು ಮುಂದೊಂದು ದಿನ ಶಾಲೆಯ ಸಮಾರಂಭದಲ್ಲಿ ಈ ಹಾಡುಗಳಲ್ಲೊಂದನ್ನು ತನ್ನದೆಂಬಂತೆ ಹಾಡಿದರೆ, ಅದು ಸ್ಟ್ಯಾಂಡರ್ಡ್ ಆಯಿತೆಂದು ತಿಳಿಯಬಹುದು.