ಹೆಬ್ಬೆರಳಿನ ಹತೋಟಿಗೆ ಬಂದ ಕಾರು

ಹಾಸನದ ಬಸ್ ನಿಲ್ದಾಣದ ಆಚೆ ಅಂಬಾಸಡರ್ ಬಾಡಿಗೆ ಕಾರುಗಳು ಸಾಲುಗಟ್ಟಿ ನಿಲ್ಲುತ್ತಿದ್ದ ಕಾಲದಲ್ಲಿ ಡ್ರೈವರ್ ಪಕ್ಕದ ಸೀಟು ಯಾವತ್ತೂ ಒಬ್ಬರಿಗೇ ಮೀಸಲಾಗಿರಲಿಲ್ಲ. ಹೊಳೆನರಸೀಪುರಕ್ಕೋ ಅರಕಲಗೂಡಿಗೋ ಹೊರಟ ಕಾರಿನ ಮುಂಭಾಗದಲ್ಲೇ ಡ್ರೈವರ್ ಸೇರಿ ಮೂವರು, ಮದುವೆ ಕಾಲವಾದರೆ ನಾಲ್ವರು. ಗೇರ್ ಲಿವರ್ ನೆಲದಲ್ಲಿ ಇರಲಿಲ್ಲವಾದ್ದರಿಂದ ಇಷ್ಟು ಜನ ಹಿಡಿಸುತ್ತಿದ್ದರು. ಅದು ಸ್ಟೇರಿಂಗ್ ಕಂಬದ ಎಡಕ್ಕೆ, ಚಕ್ರದ ಕೆಳಗೆ ಚಾಚಿಕೊಂಡಿರುತ್ತಿತ್ತು. ‘ಸ್ಟೇರಿಂಗ್ ಗೇರು’ ಎಂದರೆ ಹಳೇ ಡ್ರೈವರುಗಳಿಗೆ ಇವತ್ತಿಗೂ ಅರ್ಥವಾಗುತ್ತದೆ. ಲಿವರ್‌ನಿಂದ ಗೇರ್ ಬಾಕ್ಸಿನವರೆಗೆ ಕಬ್ಬಿಣದ ಕಡ್ಡಿಗಳ ಜೋಡಣೆ. ಸವೆದಂತೆ ಅದು ನಡುದಾರಿಯಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಆಗ ಡ್ರೈವರ್ ಇಳಿದು ಬಾನೆಟ್ ಎತ್ತಿ, ಕಡ್ಡಿಯನ್ನು ಕೈಯಿಂದಲೇ ಎಳೆದು ಬಿಡಿಸಿ, ಪಂಚೆಗೆ ಕೈ ಒರೆಸಿಕೊಂಡು ಮತ್ತೆ ಹತ್ತುತ್ತಿದ್ದ. 1990ರ ದಶಕದಲ್ಲಿ ಇಸುಜು ಎಂಜಿನ್ ಜೊತೆಗೆ ಅಂಬಾಸಡರ್‌ನ ಗೇರು ನೆಲಕ್ಕಿಳಿಯಿತು. ಮುಂದಿನ ಸೀಟಿನ ಮೂರನೆಯವರ ಜಾಗ ಹೋಯಿತು.

ಈಗ ಭಾನುವಾರ ಬೆಳಗ್ಗೆ ಬೆಂಗಳೂರಿನಿಂದ ಸಕಲೇಶಪುರದ ಕಡೆಗೆ ಚನ್ನರಾಯಪಟ್ಟಣ ದಾಟಿ ಗುಡುಗಿಕೊಂಡು ಹೋಗುವ ಸ್ಪೋರ್ಟ್ಸ್ ಕಾರುಗಳಲ್ಲೂ ಗೇರು ಸ್ಟೇರಿಂಗಿನ ಹತ್ತಿರವೇ ಇದೆ. ಅಂದು ಅದನ್ನು ಮೇಲಕ್ಕೇರಿಸಿದ್ದು ಜನರನ್ನು ಕೂರಿಸಲು, ಇಂದು ಕೈ ಬಿಡದೆ ಓಡಿಸಲು. ಈ ಎರಡನೆಯ ಉದ್ದೇಶ ರೇಸಿನ ಅಂಗಳದಿಂದ ಬಂದದ್ದು, ಮತ್ತು ಅದು ಇನ್ನೂ ಪೂರ್ತಿ ಈಡೇರಿಲ್ಲ.

ಸ್ಟೇರಿಂಗಿನ ಮೇಲೆ ಅಧಿಕಾರ ಕೂರಿಸುವ ಆಸೆ ಕಾರಿನಷ್ಟೇ ಹಳೆಯದು. ಮೊದಮೊದಲ ಕಾರುಗಳಿಗೆ ಸ್ಟೇರಿಂಗ್ ಚಕ್ರವೇ ಇರಲಿಲ್ಲ, ದೋಣಿಯ ಚುಕ್ಕಾಣಿಯಂಥ ಹಿಡಿ ಇತ್ತು. 1894ರ ಪ್ಯಾರಿಸ್–ರೂಆನ್ ಓಟದಲ್ಲಿ ಆಲ್ಫ್ರೆಡ್ ವಾಶೆರೋನ್ ತಮ್ಮ ಪನಾರ್ಡ್ ಕಾರಿಗೆ ಚಕ್ರ ಜೋಡಿಸಿಕೊಂಡು ಬಂದರು. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರಿನ ಚಕ್ರದ ಕೆಳಗೆ ಎರಡು ಕಿರುಲಿವರ್‌ಗಳಿದ್ದವು: ಎಡಗಡೆಯದು ಕಿಡಿ ಹೊತ್ತುವ ಸಮಯವನ್ನು ಹಿಂದೆಮುಂದೆ ಮಾಡಲು, ಬಲಗಡೆಯದು ಆಕ್ಸಿಲರೇಟರ್. ಅಂದರೆ ವೇಗ ಹೆಚ್ಚಿಸುವುದು ಆಗ ಬೆರಳಿನ ಕೆಲಸವಾಗಿತ್ತು! ಆಮೇಲೆ ಅದು ಕಾಲಿಗೆ ಹೋಯಿತು. ಹಾರ್ನ್ ಚಕ್ರದ ನಡುವೆ ನೆಲೆಯೂರಿತು. ಇಂಡಿಕೇಟರ್, ಲೈಟು, ವೈಪರ್‌ಗಳು ಕಂಬದ ಎರಡು ಬದಿಯ ಕಡ್ಡಿಗಳಾದವು.

ಈ ಕಡ್ಡಿಗಳ ವಿಷಯದಲ್ಲಿ ನಮ್ಮೂರ ಚಾಲಕರಿಗೆ ಗೊತ್ತಿರುವ ಒಂದು ಪೇಚಾಟವಿದೆ. ಮಾರುತಿ, ಟೊಯೊಟಾ, ಹುಂಡೈಗಳಲ್ಲಿ ಇಂಡಿಕೇಟರ್ ಬಲಗಡೆ. ಫೋಕ್ಸ್‌ವ್ಯಾಗನ್, ಸ್ಕೋಡಾ, ಬಿಎಂಡಬ್ಲ್ಯುಗಳಲ್ಲಿ ಯುರೋಪಿನ ಪದ್ಧತಿಯಂತೆ ಎಡಗಡೆ. ಸ್ವಿಫ್ಟ್ ಓಡಿಸಿದ ಕೈ ಫೋಕ್ಸ್‌ವ್ಯಾಗನ್ ಹಿಡಿದರೆ ತಿರುವಿನಲ್ಲಿ ಇಂಡಿಕೇಟರ್ ಬದಲು ವೈಪರ್ ಆಡುತ್ತದೆ, ಬಟಾಬಯಲು ಬಿಸಿಲಲ್ಲಿ. ನಮ್ಮ ರಸ್ತೆಗೆ ಒಪ್ಪುವುದು ಬಲಗಡೆಯದೇ. ಎಡಗೈ ಗೇರು ಬದಲಿಸುವಾಗ ಬಲಗೈ ಇಂಡಿಕೇಟರ್ ಹಾಕಬಲ್ಲದು. ಎರಡೂ ಎಡಗೈಗೇ ಬಿದ್ದರೆ ಒಂದು ಕೆಲಸ ಕಾಯಬೇಕು. ಯುರೋಪಿನ ಬಹುಪಾಲು ದೇಶಗಳಲ್ಲಿ ಡ್ರೈವರ್ ಎಡಕ್ಕೆ ಕೂರುವುದರಿಂದ, ಗೇರು ಬಲಗೈಗೆ ಬರುವುದರಿಂದ, ಅಲ್ಲಿ ಎಡಗಡೆಯ ಕಡ್ಡಿಯೇ ಸರಿ. ಕಾರನ್ನು ಡ್ರೈವರ್ ಬಲಕ್ಕೆ ಕೂರುವ ದೇಶಕ್ಕೆ ತರುವಾಗ ಸ್ಟೇರಿಂಗನ್ನು ಆಚೆಯಿಂದ ಈಚೆಗೆ ಸರಿಸಿದ ಕಂಪನಿಗಳು ಕಡ್ಡಿಯನ್ನು ಸರಿಸಲು ಮನಸ್ಸು ಮಾಡಲಿಲ್ಲ.

ನಿಜವಾದ ತಿರುವು 1989ರದ್ದು. ಫೆರಾರಿಯ ವಿನ್ಯಾಸಕಾರ ಜಾನ್ ಬರ್ನಾರ್ಡ್ ಇಂಗ್ಲೆಂಡಿನ ಗಿಲ್ಡ್‌ಫರ್ಡ್‌ನಲ್ಲಿ ಕೂತು ಫೆರಾರಿ 640 ಎಂಬ ಫಾರ್ಮುಲಾ ಒನ್ ಕಾರು ರೂಪಿಸುತ್ತಿದ್ದರು. ಚಾಲಕ ಕೂರುವ ಜಾಗವನ್ನು ಆದಷ್ಟು ಕಿರಿದು ಮಾಡಬೇಕೆಂಬುದು ಅವರ ಹಟ. ಗೇರ್ ಲಿವರ್, ಅದನ್ನಾಡಿಸಲು ಮೊಣಕೈಗೆ ಬೇಕಾದ ಎಡೆ, ಲಿವರಿನಿಂದ ಹಿಂದಿನ ಗೇರ್ ಬಾಕ್ಸಿಗೆ ಹೋಗುವ ಸರಳು, ಎಲ್ಲವನ್ನೂ ಕಿತ್ತುಹಾಕಿದರು. ಬದಲಿಗೆ ಚಕ್ರದ ಹಿಂದೆ ಎರಡು ತೆಳು ಪಟ್ಟಿ ಇಟ್ಟರು. ಪಟ್ಟಿ ಎಳೆದರೆ ಹೋಗುವುದು ವಿದ್ಯುತ್ ಸಂಕೇತ ಮಾತ್ರ. ಗೇರನ್ನು ಸರಿಸುವ ಬಲ ಹೈಡ್ರಾಲಿಕ್ಸ್‌ನದು. ಕ್ಲಚ್ ಪೆಡಲ್ ಬೇಕಾಗುವುದು ಕಾರು ಹೊರಡುವಾಗ ಮಾತ್ರ. ಅಪ್ಪಣೆ ಒಂದು ಕಡೆ, ಶ್ರಮ ಇನ್ನೊಂದು ಕಡೆ ಎನ್ನುವ ಈ ಏರ್ಪಾಡು ಹಾಸನದವರಿಗೆ ಹೊಸದಲ್ಲ. 1982ರಿಂದ ಇಲ್ಲಿನ ಇಸ್ರೊ ಮುಖ್ಯ ನಿಯಂತ್ರಣ ಕೇಂದ್ರ ಮೂವತ್ತಾರು ಸಾವಿರ ಕಿಲೋಮೀಟರ್ ಆಚೆಯ ಉಪಗ್ರಹಗಳ ದಿಕ್ಕು ತಿದ್ದುತ್ತಿರುವುದು ಹೀಗೆಯೇ.

ಪರೀಕ್ಷೆಯ ಓಟಗಳಲ್ಲಿ ಆ ಗೇರ್ ಬಾಕ್ಸ್ ಪದೇ ಪದೇ ಕೈಕೊಟ್ಟಿತ್ತು. ಬ್ರೆಜಿಲಿನ ಮೊದಲ ರೇಸಿನಲ್ಲಿ ಕೊನೆಯವರೆಗೆ ಓಡುತ್ತದೆಂದು ಫೆರಾರಿಯವರೇ ನಂಬಿರಲಿಲ್ಲ. ಅವರ ಚಾಲಕ ನೈಜೆಲ್ ಮ್ಯಾನ್ಸೆಲ್ ಅದರಲ್ಲೇ ಗೆದ್ದರು. ನಡುವೆ ಚಕ್ರವೇ ಸಡಿಲವಾಗಿ, ಪಿಟ್‌ಗೆ ಬಂದು ಸ್ಟೇರಿಂಗ್ ಬದಲಿಸಿಕೊಂಡು ಹೋಗಿ ಗೆದ್ದರು. ಕೆಲವೇ ವರ್ಷಗಳಲ್ಲಿ ಎಲ್ಲ ತಂಡಗಳೂ ಅದೇ ದಾರಿ ಹಿಡಿದವು. 1997ರಲ್ಲಿ ಫೆರಾರಿ ಎಫ್355ರ ಮೂಲಕ ಪಟ್ಟಿಗಳು ರಸ್ತೆಯ ಕಾರಿಗೆ ಬಂದವು. ಈಗ ಮಾರುತಿ ಬ್ರೆಝಾದ ಆಟೊಮ್ಯಾಟಿಕ್‌ನಲ್ಲೂ ಇವೆ. ಶಿರಾಡಿ ಘಾಟಿ ಇಳಿಯುವಾಗ ಅವುಗಳ ಬೆಲೆ ತಿಳಿಯುತ್ತದೆ: ತಿರುವಿಗೆ ಮೊದಲೇ ಎಡಪಟ್ಟಿ ಎಳೆದು ಗೇರು ಇಳಿಸಿದರೆ ಎಂಜಿನ್ನೇ ಕಾರನ್ನು ಹಿಡಿದುಕೊಳ್ಳುತ್ತದೆ, ಬ್ರೇಕ್ ಕಾಯುವುದಿಲ್ಲ. ಗೇರೇ ಇಲ್ಲದ ವಿದ್ಯುತ್ ಕಾರಿಗೂ ಪಟ್ಟಿ ದಕ್ಕಿದೆ. ನೆಕ್ಸಾನ್ ಇವಿಯಲ್ಲಿ ಅದು ಇಳಿಜಾರಿನಲ್ಲಿ ಬ್ಯಾಟರಿಗೆ ಎಷ್ಟು ಶಕ್ತಿ ಮರಳಬೇಕೆಂದು ಹೇಳುವ ಸಾಧನ.

ಪಟ್ಟಿಯನ್ನು ಎಲ್ಲಿ ಕೂರಿಸಬೇಕು? ಫೆರಾರಿ, ಲ್ಯಾಂಬೋರ್ಗಿನಿಗಳು ಕಂಬಕ್ಕೆ ಕೂರಿಸುತ್ತವೆ. ಚಕ್ರ ತಿರುಗಿದರೂ ಪಟ್ಟಿ ಇದ್ದಲ್ಲೇ ಇರುತ್ತದೆ. ಪೋರ್ಷೆ, ಮರ್ಸಿಡಿಸ್‌ಗಳಲ್ಲಿ ಚಕ್ರದ ಜೊತೆಗೇ ತಿರುಗುತ್ತದೆ. ಗಡಿಯಾರದ ಒಂಬತ್ತು ಮತ್ತು ಮೂರರ ಜಾಗದಿಂದ ಕೈ ಕದಲದ ರೇಸ್ ಟ್ರ್ಯಾಕಿನಲ್ಲಿ ಎರಡೂ ಒಂದೇ. ಬಿಸಿಲೆ ಘಾಟಿಯ ಹೇರ್‌ಪಿನ್ ತಿರುವಿನಲ್ಲಿ ಕೈ ಮೇಲೆ ಕೈ ಹಾಕಿ ಚಕ್ರ ಸುತ್ತಿದ ಮೇಲೆ, ತಿರುಗುವ ಪಟ್ಟಿಯಲ್ಲಿ ಎಡ ಬಲವಾಗಿರುತ್ತದೆ, ಏರಿಸುವುದು ಇಳಿಸುವುದಾಗಿರುತ್ತದೆ. ಘಾಟಿಯವರಿಗೆ ಕಂಬದ ಪಟ್ಟಿಯೇ ವಾಸಿ ಎಂದು ನನ್ನ ಮತ. ಪೋರ್ಷೆ 2008ರಲ್ಲಿ ಇನ್ನೂ ವಿಚಿತ್ರ ಏರ್ಪಾಡು ಮಾಡಿತ್ತು: ಹೆಬ್ಬೆರಳಿನಿಂದ ಮುಂದಕ್ಕೆ ಒತ್ತಿದರೆ ಗೇರು ಏರುತ್ತದೆ, ಹಿಂದಿನಿಂದ ಬೆರಳಲ್ಲಿ ಎಳೆದರೆ ಇಳಿಯುತ್ತದೆ, ಎರಡು ಕಡೆಯೂ ಒಂದೇ ತೆರ. ಕೊಂಡವರು ಗೊಣಗಿದರು, ಕಂಪನಿ ಪಟ್ಟಿಗೆ ಮರಳಿತು.

ಪಟ್ಟಿಯ ಹಿಂದೆಯೇ ಬಟನ್‌ಗಳ ಪ್ರವಾಹ ಬಂತು. 2004ರ ಎಫ್430ರಲ್ಲಿ ಫೆರಾರಿ ‘ಮನೆಟ್ಟಿನೊ’ ಎಂಬ ಕೆಂಪು ತಿರುಗುಣಿ ಇಟ್ಟಿತು: ಮಂಜು, ಜಾರು ರಸ್ತೆ, ಸ್ಪೋರ್ಟ್, ರೇಸ್, ಹೀಗೆ ಕಾರಿನ ಸ್ವಭಾವವನ್ನೇ ಬದಲಿಸುವ ಕಿವಿ. ಕೆಲವು ವರ್ಷಗಳ ನಂತರ ಅದರ ಜೊತೆಗೆ ಇನ್ನೊಂದು ಬಟನ್ ಬಂತು. ಎಂಜಿನ್, ಗೇರು ರೇಸಿನ ಬಿಗುವಿನಲ್ಲೇ ಇದ್ದು ಸಸ್ಪೆನ್ಷನ್ ಮಾತ್ರ ಮೆತ್ತಗಾಗುವ, ಉಬ್ಬುತಗ್ಗಿನ ರಸ್ತೆಗೆಂದೇ ಮಾಡಿದ ಬಟನ್. ಇಟಲಿಯ ಬೆಟ್ಟದ ರಸ್ತೆಗೆ ಮಾಡಿದ್ದಿರಬೇಕು, ಹೊಳೆನರಸೀಪುರ–ಅರಕಲಗೂಡು ರಸ್ತೆಗೆ ಅಳತೆ ತೆಗೆದಂತಿದೆ. 2009ರ 458 ಇಟಾಲಿಯಾದಲ್ಲಿ ಕಡ್ಡಿಗಳೇ ಮಾಯ: ಇಂಡಿಕೇಟರ್, ಲೈಟು, ವೈಪರ್ ಎಲ್ಲವೂ ಚಕ್ರದ ಮೇಲೆ. ತಿರುಗುತ್ತಿರುವ ಚಕ್ರದಲ್ಲಿ ಇಂಡಿಕೇಟರ್ ಹುಡುಕುವ ಕಷ್ಟ ಹಾಸನದ ಎನ್.ಆರ್. ವೃತ್ತ ಸುತ್ತುವವರಿಗೆ ವಿವರಿಸಬೇಕಾಗಿಲ್ಲ. ಅದೇ ಹೊತ್ತಿಗೆ ಇಂಗ್ಲೆಂಡಿನ ಮೆಕ್ಲಾರೆನ್ ರಸ್ತೆ ಕಾರಿನ ಚಕ್ರದ ಮೇಲೆ ಹಾರ್ನ್ ಬಿಟ್ಟು ಬೇರೇನೂ ಬೇಡ ಎಂದಿತು. ರೇಸಿನಲ್ಲಿ ಅದೇ ಫೆರಾರಿಯ ಎದುರಾಳಿ, ರಸ್ತೆಯಲ್ಲಿ ತದ್ವಿರುದ್ಧ ನಿಲುವು.

ಹೆಚ್ಚಿದ ಬಟನ್‌ಗಳು ಕೈಕೊಟ್ಟ ಪ್ರಸಂಗ ಫಾರ್ಮುಲಾ ಒನ್ ರೇಸಿನಲ್ಲೇ ಇದೆ. 2021ರ ಜೂನ್, ಅಜರ್‌ಬೈಜಾನಿನ ಬಾಕು. ನಿಂತಿದ್ದ ರೇಸ್ ಮತ್ತೆ ಶುರುವಾಗುವಾಗ ಲೂಯಿಸ್ ಹ್ಯಾಮಿಲ್ಟನ್ ಎರಡನೇ ಸ್ಥಾನದಲ್ಲಿದ್ದರು. ಹೊರಡುವ ಗಡಿಬಿಡಿಯಲ್ಲಿ ಕೈ ತಗುಲಿ ಚಕ್ರದ ಹಿಂದಿನ ಒಂದು ಬಟನ್ ಒತ್ತಿತು. ಟಯರು, ಬ್ರೇಕ್ ಕಾಯಿಸಲೆಂದು ಬ್ರೇಕಿನ ಬಲವನ್ನು ಬಹುಮಟ್ಟಿಗೆ ಮುಂದಿನ ಗಾಲಿಗಳಿಗೆ ತಳ್ಳುವ ಬಟನ್ ಅದು. ಮೊದಲ ತಿರುವಿನಲ್ಲಿ ಕಾರು ನೆಟ್ಟಗೆ ಹೋಯಿತು, ಹ್ಯಾಮಿಲ್ಟನ್ 15ನೆಯವರಾಗಿ ಮುಗಿಸಿದರು. ಆ ವರ್ಷದ ಪಟ್ಟ ಅವರ ಕೈತಪ್ಪಿದ್ದು 8 ಅಂಕಗಳಿಂದ. ಪಕ್ಕದ ಚಿಕ್ಕಮಗಳೂರಿನ ಕಾಫಿ ತೋಟದ ಹಾದಿಗಳಲ್ಲಿ 2016ರಲ್ಲಿ ಗೌರವ್ ಗಿಲ್ ಓಡಿಸಿದ ಸ್ಕೋಡಾ ಫೇಬಿಯಾ ರ‍್ಯಾಲಿ ಕಾರಿನಲ್ಲಾದರೋ ಚಕ್ರದ ಪಕ್ಕದಲ್ಲಿ ಉದ್ದನೆಯ ಲಿವರ್ ನಿಂತಿತ್ತು. ವಿಶ್ವ ರ‍್ಯಾಲಿಯ ದೊಡ್ಡ ಕಾರುಗಳೂ ಕೆಲವು ವರ್ಷ ಪಟ್ಟಿ ಬಳಸಿ, 2022ರಲ್ಲಿ ಲಿವರಿಗೇ ವಾಪಸಾದವು.

ತಿರುಗುವ ಚಕ್ರದ ಮೇಲಿನ ಬಟನ್ನಿಗೆ ತಂತಿ ಹೋಗುವುದು ಹೇಗೆ? ಬಿ.ಎಂ. ರಸ್ತೆಯ ಆಟೊ ಎಲೆಕ್ಟ್ರಿಷಿಯನ್‌ಗೆ ಇದರ ಹೆಸರು ಬಾಯಿಪಾಠ: ಕ್ಲಾಕ್ ಸ್ಪ್ರಿಂಗ್. ಚಪ್ಪಟೆ ಡಬ್ಬಿಯೊಳಗೆ ಸುರುಳಿ ಸುತ್ತಿದ ತೆಳು ತಂತಿಪಟ್ಟಿ. ಚಕ್ರ ಒಂದು ಕಡೆಗೆ ತಿರುಗಿದರೆ ಬಿಗಿಯುತ್ತದೆ, ಇನ್ನೊಂದು ಕಡೆಗೆ ಸಡಿಲವಾಗುತ್ತದೆ. ಸ್ಟೇರಿಂಗ್ ಬಿಚ್ಚಿ ಕೂರಿಸುವಾಗ ಸುರುಳಿಯ ನಡುಮಟ್ಟ ತಪ್ಪಿದರೆ ಪೂರ್ತಿ ತಿರುಗಿಸಿದಾಗ ಅದು ಹರಿದುಹೋಗುತ್ತದೆ. ಹಾರ್ನ್ ಸತ್ತು, ಆಡಿಯೊ ಬಟನ್ ಸತ್ತು, ಏರ್‌ಬ್ಯಾಗ್ ದೀಪ ಹೊತ್ತಿಕೊಳ್ಳುತ್ತದೆ. ಬಹಳಷ್ಟು ಕಾರುಗಳಲ್ಲಿ ಆಡಿಯೊ ಬಟನ್‌ಗಳಿಗೆಲ್ಲ ಒಂದೇ ತಂತಿ. ಒಂದೊಂದು ಬಟನ್ನಿಗೆ ಒಂದೊಂದು ಪ್ರಮಾಣದ ರೆಸಿಸ್ಟರ್ ಇರುತ್ತದೆ, ಒತ್ತಿದಾಗ ಬರುವ ವೋಲ್ಟೇಜ್ ನೋಡಿ ಸ್ಟೀರಿಯೊ ‘ಇದು ಸದ್ದು ಹೆಚ್ಚಿಸುವುದು, ಇದು ಹಾಡು ಬದಲಿಸುವುದು’ ಎಂದು ಗುರುತಿಸುತ್ತದೆ. ಹಳೆಯ ಬಟನ್‌ಗಳ ತುದಿಗೆ ಮಸಿ ಹಿಡಿದು ರೆಸಿಸ್ಟೆನ್ಸ್ ಏರಿದರೆ ಸದ್ದು ಹೆಚ್ಚಿಸಲು ಹೋದಾಗ ಹಾಡು ಬದಲಾಗುವುದು ಅದಕ್ಕೇ.

ಕಳೆದ ದಶಕದ ಕೊನೆಗೆ ಬಟನ್‌ಗಳೇ ಹಳತೆನಿಸಿದವು. ಫೆರಾರಿ ಎಸ್‌ಎಫ್90ರಲ್ಲಿ, ಫೋಕ್ಸ್‌ವ್ಯಾಗನ್‌ನ ಎಂಟನೇ ಗಾಲ್ಫ್‌ನಲ್ಲಿ ಚಕ್ರದ ಮೇಲೆ ಮೊಬೈಲಿನಂಥ ನುಣುಪು ಸ್ಪರ್ಶಫಲಕ ಬಂತು. ನೋಡಲು ಚಂದ. ಆದರೆ ನಮ್ಮ ಹಳ್ಳಿಯ ಪೌರಾಣಿಕ ನಾಟಕದ ಹಾರ್ಮೋನಿಯಂ ಮೇಷ್ಟ್ರು ಕಣ್ಣನ್ನು ರಂಗದ ಮೇಲಿಟ್ಟೇ ನುಡಿಸುತ್ತಾರೆ. ಬೆರಳಿಗೆ ಮನೆಯ ಅಂಚು ಸಿಗುತ್ತದೆ. ನುಣುಪು ಫಲಕದಲ್ಲಿ ಅಂಚೇ ಇಲ್ಲ, ಕಣ್ಣು ಕೆಳಗಿಳಿಯಲೇಬೇಕು. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಎರಡು ಸೆಕೆಂಡ್ ಕಣ್ಣಿಳಿಸಿದರೆ ಕಾರು 55 ಮೀಟರ್ ಕುರುಡಾಗಿ ಓಡಿರುತ್ತದೆ. ಹಿರೀಸಾವೆಯ ಹತ್ತಿರ ಹೆದ್ದಾರಿ ದಾಟಲು ನಿಂತ ಎಮ್ಮೆಗೆ ಅಷ್ಟು ದೂರ ಧಾರಾಳವಾಗಿ ಸಾಕು. 2022ರಲ್ಲಿ ಫೋಕ್ಸ್‌ವ್ಯಾಗನ್ ಮುಖ್ಯಸ್ಥ ಥಾಮಸ್ ಶೇಫರ್ ಚಕ್ರಕ್ಕೆ ಒತ್ತುಬಟನ್ ಮರಳಿಸುವುದಾಗಿ ಹೇಳಿದರು. 2025ರ ಅಮಾಲ್ಫಿ ಕಾರಿನಲ್ಲಿ ಫೆರಾರಿಯೂ ಒತ್ತಿದರೆ ‘ಟಕ್’ ಎನ್ನುವ ನಿಜವಾದ ಬಟನ್‌ಗಳಿಗೆ ಮರಳಿತು. ಇಂಡಿಕೇಟರ್, ಹಾರ್ನ್, ವೈಪರ್‌ಗಳಿಗೆ ಕೈಗೆ ಸಿಗುವ ಸ್ವಿಚ್ ಇದ್ದರೆ ಲೇಸು ಎಂದು ಕಾರುಗಳ ಸುರಕ್ಷತೆ ಅಳೆಯುವ ಯುರೋ ಎನ್‌ಸಿಎಪಿ 2026ರಿಂದ ಅಂಕಗಳ ಲೆಕ್ಕದಲ್ಲೇ ಸೇರಿಸಿದೆ.

ಇಷ್ಟೆಲ್ಲ ಆದರೂ ನಮ್ಮ ಕಡೆ ಸ್ಪೋರ್ಟ್ಸ್ ಕಾರು ತರುವವರಿಗೆ ದಿನವೂ ಬೇಕಾಗುವ ಒಂದು ಬಟನ್ ಬಹಳಷ್ಟು ಕಾರುಗಳಲ್ಲಿ ಹೆಬ್ಬೆರಳಿಗೆ ಬಂದಿಲ್ಲ: ಕಾರಿನ ಮೂತಿಯನ್ನು ಒಂದಿಷ್ಟು ಎತ್ತುವುದು. ಅದಿಲ್ಲದೆ ಹಂಪು ದಾಟಿದರೆ ಹೊಟ್ಟೆ ಉಜ್ಜುತ್ತದೆ. ಪೋರ್ಷೆಯ ಕಾರೊಂದು ಒಮ್ಮೆ ಮೂತಿ ಎತ್ತಿದ ಜಾಗವನ್ನು ಜಿಪಿಎಸ್‌ನಲ್ಲಿ ನೆನಪಿಟ್ಟುಕೊಂಡು ಮುಂದಿನ ಸಲ ತಾನೇ ಎತ್ತಿಕೊಳ್ಳುತ್ತದೆ. ಆದರೆ ಅರಕಲಗೂಡಿನ ಕಡೆ ಊರವರು ಜಾತ್ರೆಗೆ ಮುಂಚೆ ಒಂದೇ ರಾತ್ರಿಯಲ್ಲಿ, ಬಿಳಿ ಬಣ್ಣವೂ ಬಳಿಯದೆ ಹಾಕಿದ ಹಂಪು ಅದರ ನೆನಪಿನಲ್ಲಿ ಇರುವುದಿಲ್ಲ. ಅಲ್ಲಿ ಡ್ರೈವರೇ ಒತ್ತಬೇಕು, ಮತ್ತು ಬಹಳಷ್ಟು ಕಾರುಗಳಲ್ಲಿ ಆ ಬಟನ್ ಇರುವುದು ಎರಡು ಸೀಟಿನ ನಡುವಿನ ಕನ್ಸೋಲಿನ ಮೇಲೋ ಪರದೆಯ ಒಳಗೋ.